‘ಲುಲು’ವನ್ನು ಬಿಟ್ಟು ಮುಂದೆ ಹೋಗಬೇಡ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಆಲ್ಬಮ್‌ಗಳನ್ನು ಮೊದಲಿನಿಂದ ಕ್ರಮವಾಗಿ ಕೇಳುತ್ತ ಬಂದವನು, 2008ರ ‘ಡೆತ್ ಮ್ಯಾಗ್ನೆಟಿಕ್’ ಮುಗಿದ ಮೇಲೆ 2011ರ ಜಂಟಿ ಆಲ್ಬಮ್ ‘ಲುಲು’ವನ್ನು ಹಾರಿಸಿ ನೇರವಾಗಿ 2016ರ ‘ಹಾರ್ಡ್‌ವೈರ್ಡ್’ಗೆ ಹೋದೆ ಎಂದು ಬರೆದಿದ್ದೀಯ. ಲೂ ರೀಡ್ ಎಂಬ ಹಿರಿಯ ಹಾಡುಗಾರನ ಹಟಕ್ಕೆ ಒಂದು ದೊಡ್ಡ ಬ್ಯಾಂಡ್ ಬಲಿಯಾದ ಕಥೆ ಅದು ಎಂದು ಎಲ್ಲರೂ ಹೇಳುವುದರಿಂದ, ಅದಕ್ಕಾಗಿ ಒಂದೂವರೆ ಗಂಟೆ ಕೊಡುವ ಮನಸ್ಸಾಗಲಿಲ್ಲ ಎಂಬ ಕಾರಣವನ್ನೂ ಕೊಟ್ಟಿದ್ದೀಯ. ಇದಕ್ಕೆ ನಾಲ್ಕು ಸಾಲಿನ ಉತ್ತರ ಬರೆದು ಸುಮ್ಮನಾಗಲು ನನ್ನಿಂದ ಆಗಲಿಲ್ಲ. ನನ್ನ ಮಟ್ಟಿಗೆ ಆ ಬ್ಯಾಂಡು ನಲವತ್ತು ವರ್ಷಗಳ ತನ್ನ ಬದುಕಿನಲ್ಲಿ ಮಾಡಿದ ಅತ್ಯಂತ ಧೈರ್ಯದ ಕೆಲಸ ಅದೇ. ಅದು ಏಕೆ ಧೈರ್ಯದ ಕೆಲಸ ಎಂಬುದನ್ನು ನಿನಗೆ ಸಾವಧಾನವಾಗಿ ಹೇಳಬೇಕೆನಿಸಿದೆ.

ಮೆಟಾಲಿಕಾ ಎಂದರೆ ಹಿಡಿತ. ಇದನ್ನು ನೀನೇ ಎಷ್ಟೋ ಸಲ ಮೆಚ್ಚುಗೆಯಿಂದ ಹೇಳಿದ್ದೀಯ. 1991ರ ಕಪ್ಪು ಹೊದಿಕೆಯ ಆಲ್ಬಮ್ಮಿಗಾಗಿ ಅವರು ನಿರ್ಮಾಪಕ ಬಾಬ್ ರಾಕ್ ಜೊತೆ ಲಾಸ್ ಏಂಜಲೀಸಿನ ಸ್ಟುಡಿಯೊದಲ್ಲಿ ತಿಂಗಳುಗಟ್ಟಲೆ ಕುಳಿತರು. ಲಾರ್ಸ್ ಉಲ್ರಿಚ್ ಒಂದೇ ಹಾಡಿನ ಡ್ರಮ್ಸ್ ಅನ್ನು ಮತ್ತೆ ಮತ್ತೆ ನುಡಿಸಿ, ಅವುಗಳಲ್ಲಿ ಚೆನ್ನಾಗಿ ಬಂದ ತುಂಡುಗಳನ್ನು ಆಯ್ದು ಜೋಡಿಸಿ, ಒಂದು ಹೊಡೆತವೂ ಆಚೀಚೆ ಸರಿಯದಂತೆ ನೋಡಿಕೊಂಡ. ಆ ಶ್ರಮ ವ್ಯರ್ಥವಾಗಲಿಲ್ಲ, ಅಮೆರಿಕವೊಂದರಲ್ಲೇ ಅದರ ಒಂದೂವರೆ ಕೋಟಿಗೂ ಹೆಚ್ಚು ಪ್ರತಿಗಳು ಹೋದವು. ಆ ಮೇಲೆ ಅವರು ಬದಲಾಗಲಿಲ್ಲವೆಂದಲ್ಲ. 1996ರ ‘ಲೋಡ್’ನಲ್ಲಿ ಕೂದಲು ಕತ್ತರಿಸಿಕೊಂಡು ಬ್ಲೂಸ್ ಕಡೆಗೆ ವಾಲಿದರು, 1999ರಲ್ಲಿ ಮೈಕೆಲ್ ಕೇಮನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆ ವೇದಿಕೆ ಏರಿದರು, 2003ರ ‘ಸೇಂಟ್ ಆ್ಯಂಗರ್’ನಲ್ಲಿ ಗಿಟಾರ್ ಸೋಲೊಗಳನ್ನೇ ತೆಗೆದುಹಾಕಿದರು. ಆದರೆ ಸಿಂಫನಿಯವರು ಮೆಟಾಲಿಕಾದ ಹಳೆಯ ಹಾಡುಗಳ ಸುತ್ತ ನುಡಿಸಿದರೇ ಹೊರತು ಹಾಡುಗಳು ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಒರಟೊರಟಾಗಿ ಕೇಳುವ ‘ಸೇಂಟ್ ಆ್ಯಂಗರ್’ ಕೂಡ ಕಂಪ್ಯೂಟರಿನ ಮುಂದೆ ಕುಳಿತು ತುಂಡು ತುಂಡಾಗಿ ಹೊಲಿದದ್ದೇ. ಪ್ರತಿ ಸಲವೂ ಕೊನೆಯ ಮಾತು ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಉಲ್ರಿಚ್ ಅವರದ್ದೇ ಆಗಿರುತ್ತಿತ್ತು.

‘ಲುಲು’ವಿನಲ್ಲಿ ಅವರು ಆ ಕೊನೆಯ ಮಾತನ್ನು ಬಿಟ್ಟುಕೊಟ್ಟರು.

ಕಥೆ ಶುರುವಾದದ್ದು 2009ರ ಅಕ್ಟೋಬರ್ 30ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ರಾಕ್ ಸಂಗೀತಗಾರರನ್ನು ಗೌರವಿಸುವ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನ ಇಪ್ಪತ್ತೈದನೇ ವರ್ಷದ ಕಾರ್ಯಕ್ರಮದಲ್ಲಿ ಮೆಟಾಲಿಕಾ ನುಡಿಸುತ್ತಿದ್ದಾಗ ಲೂ ರೀಡ್ ಬಂದು ತನ್ನ ಹಳೆಯ ಬ್ಯಾಂಡ್ ವೆಲ್ವೆಟ್ ಅಂಡರ್‌ಗ್ರೌಂಡ್ ಕಾಲದ ಎರಡು ಹಾಡುಗಳನ್ನು ಅವರ ಜೊತೆ ಹಾಡಿದ. ಇಬ್ಬರಿಗೂ ಅದು ಹಿಡಿಸಿತು. ರೀಡನ ಹಳೆಯ ಹಾಡುಗಳನ್ನೇ ಒಟ್ಟಿಗೆ ಮತ್ತೆ ಧ್ವನಿಮುದ್ರಿಸಬೇಕೆಂಬುದು ಮೊದಲ ಯೋಜನೆಯಾಗಿತ್ತು. ಅದು ಹಾಗೆಯೇ ನಡೆದಿದ್ದರೆ ಎಲ್ಲರೂ ಒಂದು ವಾರ ಹೊಗಳಿ ಮರೆತುಬಿಡುವಂಥ ಸೌಜನ್ಯದ ಆಲ್ಬಮ್ಮೊಂದು ಬರುತ್ತಿತ್ತೇನೋ. ಆದರೆ ಅದೇ ಹೊತ್ತಿಗೆ ರೀಡ್, ನಿರ್ದೇಶಕ ರಾಬರ್ಟ್ ವಿಲ್ಸನ್ ಬರ್ಲಿನಿನ ಬರ್ಲಿನರ್ ಎನ್ಸೆಂಬಲ್ ರಂಗಮಂದಿರಕ್ಕಾಗಿ ಮಾಡುತ್ತಿದ್ದ ‘ಲುಲು’ ನಾಟಕಕ್ಕೆ ಹಾಡುಗಳನ್ನು ಬರೆಯುತ್ತಿದ್ದ. ಜರ್ಮನಿಯ ನಾಟಕಕಾರ ಫ್ರಾಂಕ್ ವೆಡೆಕಿಂಡ್ 1890ರ ದಶಕದಿಂದ ವರ್ಷಗಟ್ಟಲೆ ತಿದ್ದುತ್ತ ಬರೆದ ಎರಡು ನಾಟಕಗಳ ಕಥೆ ಅದು. ಲುಲು ಎಂಬ ನರ್ತಕಿ ಒಬ್ಬರಾದ ಮೇಲೊಬ್ಬರು ಗಂಡಸರ ಕೈಗೆ ಸಿಕ್ಕಿ ಮೇಲೇರುತ್ತಾಳೆ, ಅವರನ್ನು ಹಾಳುಮಾಡುತ್ತಾಳೆ, ತಾನೂ ಹಾಳಾಗುತ್ತಾಳೆ, ಕೊನೆಗೆ ಲಂಡನ್ನಿನಲ್ಲಿ ಮೈ ಮಾರಿಕೊಂಡು ಬದುಕುತ್ತಿರುವಾಗ ಜ್ಯಾಕ್ ದಿ ರಿಪ್ಪರ್‌ನ ಚಾಕುವಿಗೆ ಬಲಿಯಾಗುತ್ತಾಳೆ. ಈ ಹಾಡುಗಳನ್ನೇ ಮಾಡೋಣ ಎಂದು ರೀಡ್ ಹೇಳಿದ, ಮೆಟಾಲಿಕಾ ಒಪ್ಪಿತು.

ಆ ಒಪ್ಪಿಗೆಯ ತೂಕ ಎಷ್ಟೆಂಬುದನ್ನು ಸ್ವಲ್ಪ ಯೋಚಿಸು. ಮೆಟಾಲಿಕಾದಲ್ಲಿ ಮೊದಲು ಹುಟ್ಟುವುದು ರಿಫ್, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗಳ ತುಣುಕು. ಸಂಗೀತ ಗಟ್ಟಿಯಾದ ಮೇಲೆ ಹೆಟ್‌ಫೀಲ್ಡ್ ಅರ್ಥವಿಲ್ಲದ ಸ್ವರಗಳಲ್ಲಿ ಧಾಟಿಯನ್ನು ಹುಡುಕಿ, ಆ ಧಾಟಿಯ ಅಚ್ಚಿಗೆ ಮಾತುಗಳನ್ನು ಕೂರಿಸುತ್ತಾನೆ. ಇಲ್ಲಿ ಮಾತುಗಳು ಪೂರ್ತಿ ಸಿದ್ಧವಾಗಿದ್ದವು, ಅವು ಬೇರೊಬ್ಬನವು, ಅವುಗಳಿಗೆ ಪಲ್ಲವಿಯಿಲ್ಲ, ಸಮನಾದ ಸಾಲುಗಳಿಲ್ಲ, ಅವುಗಳನ್ನು ಹೇಳುವವನಿಗೂ ಆಗ ಅರವತ್ತೊಂಬತ್ತು ವರ್ಷ. ಆ ಮುದಿ ಗಂಡುದನಿ ಎಷ್ಟೋ ಕಡೆ ಎಳೆಯ ಹೆಣ್ಣೊಬ್ಬಳಾಗಿ ಮಾತನಾಡುತ್ತದೆ. ಅಲ್ಲಿರುವ ಹಿಂಸೆ ಮತ್ತು ಕಾಮದ ಮಾತುಗಳು ಮೆಟಲ್ ಹಾಡುಗಳಲ್ಲಿ ನಾವು ಕೇಳುವ ಯುದ್ಧ, ಸಾವು, ನರಕಗಳಂತೆ ದೂರದಲ್ಲಿ ನಿಲ್ಲದೆ ಮೈಗೆ ತಾಗುತ್ತವೆ.

2011ರ ವಸಂತದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿರುವ ಮೆಟಾಲಿಕಾದ ಸ್ವಂತ ಸ್ಟುಡಿಯೊದಲ್ಲಿ ಕೆಲಸ ಶುರುವಾಯಿತು. ಹ್ಯಾಲ್ ವಿಲ್ನರ್ ಮತ್ತು ಗ್ರೆಗ್ ಫಿಡೆಲ್‌ಮನ್ ನಿರ್ಮಾಣದಲ್ಲಿ ಕೈಜೋಡಿಸಿದರು. ಮನೆ ಮೆಟಾಲಿಕಾದ್ದು, ಆದರೆ ನಡೆದದ್ದು ಅತಿಥಿಯ ಪದ್ಧತಿ. ರೀಡನಿಗೆ ಎರಡನೇ ಟೇಕ್‌ನಲ್ಲಿ ನಂಬಿಕೆಯಿರಲಿಲ್ಲ. ಮೊದಲ ಸಲ ನುಡಿಸುವಾಗ ಇರುವ ಅನಿಶ್ಚಿತತೆಯೇ ಅವನಿಗೆ ಬೇಕಾಗಿತ್ತು. ಹೀಗಾಗಿ ಎಲ್ಲರೂ ಒಂದೇ ಕೋಣೆಯಲ್ಲಿ ಸುತ್ತ ಕುಳಿತು, ಮುಂದೇನಾಗುವುದೆಂದು ಪೂರ್ತಿ ತಿಳಿಯದೆಯೇ ನುಡಿಸಿದ್ದು ಬಹುಮಟ್ಟಿಗೆ ಹಾಗೆಯೇ ಆಲ್ಬಮ್ಮಿಗೆ ಬಂದಿದೆ. ಒಂದು ಹೊಡೆತಕ್ಕಾಗಿ ವಾರಗಟ್ಟಲೆ ಕಾದಾಡುತ್ತಿದ್ದ ಉಲ್ರಿಚ್‌ಗೆ ಇದು ಸುಲಭದ ಮಾತಾಗಿರಲಿಲ್ಲ. ಒಮ್ಮೆ ಇಬ್ಬರಿಗೂ ಮಾತು ಬೆಳೆದು, ಬಾ ಬೀದಿಯಲ್ಲೇ ನೋಡಿಕೊಳ್ಳೋಣ ಎಂದು ರೀಡ್ ತನ್ನನ್ನು ಜಗಳಕ್ಕೆ ಕರೆದದ್ದನ್ನು ಉಲ್ರಿಚ್ ಸಂದರ್ಶನದಲ್ಲಿ ಹೇಳಿಕೊಂಡಿದ್ದಾನೆ. ರೀಡ್ ವರ್ಷಗಟ್ಟಲೆ ತಾಯ್ ಚಿ ಕಲಿತವನು, ಆದ್ದರಿಂದ ಆ ಜಗಳ ನಡೆಯದಿದ್ದುದೇ ಒಳ್ಳೆಯದಾಯಿತು.

ಇದರಲ್ಲಿ ನಮ್ಮ ಊರಿನ ಎಳೆಯೂ ಒಂದಿದೆ. ಮ್ಯಾಡಿಸನ್ ಸ್ಕ್ವೇರ್‌ನ ಆ ರಾತ್ರಿಗೆ ಸರಿಯಾಗಿ ಎರಡು ವರ್ಷ ತುಂಬಿದ ದಿನ, 2011ರ ಅಕ್ಟೋಬರ್ 30ರಂದು, ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿತ್ತು. ಅದು ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ಎರಡು ದಿನ ಮೊದಲು ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ಕೊನೆಯ ಗಳಿಗೆಯಲ್ಲಿ ರದ್ದಾಗಿ ಅಲ್ಲಿ ಗಲಾಟೆಯಾಗಿದ್ದರಿಂದ, ಇಲ್ಲಿಯೂ ನಡೆಯುತ್ತದೋ ಇಲ್ಲವೋ ಎಂಬ ಆತಂಕದಲ್ಲೇ ನಾವಿಬ್ಬರೂ ಆ ಕೆಸರಿನಲ್ಲಿ ನಿಂತಿದ್ದೆವು. ನಮ್ಮವರೇ ಆದ ಬೆಂಗಳೂರಿನ ಬ್ಯಾಂಡ್ ಇನ್ನರ್ ಸ್ಯಾಂಕ್ಟಮ್ ಅದೇ ವೇದಿಕೆಯ ಮೇಲೆ ಮೊದಲು ನುಡಿಸಿದ ಹೆಮ್ಮೆ ನಿನಗೆ ನೆನಪಿರಬೇಕು. ‘ಮಾಸ್ಟರ್ ಆಫ್ ಪಪೆಟ್ಸ್’ ಶುರುವಾದಾಗ ಆ ಇಡೀ ಮೈದಾನಕ್ಕೆ ಪ್ರತಿ ಮಾತೂ, ಪ್ರತಿ ರಿಫ್ಫೂ ಬಾಯಿಪಾಠವಾಗಿತ್ತು. ಮಾರನೆಯ ದಿನವೇ ‘ಲುಲು’ ಬಿಡುಗಡೆಯಾಗುವುದಿತ್ತು. ಆದರೂ ಆ ರಾತ್ರಿ ಅದರ ಒಂದು ಹಾಡನ್ನೂ ಅವರು ನುಡಿಸಲಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಮೂವತ್ತು ವರ್ಷ ಕಾದ ಊರಿಗೆ ಹಳೆಯ ಹಾಡುಗಳನ್ನೇ ಕೊಡಬೇಕಾಗಿತ್ತು. ಆದರೆ ಜನಪ್ರಿಯತೆ ಒಂದು ಬ್ಯಾಂಡನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಿತ್ತು. ಕಟ್ಟಿಹಾಕುವವರು ಧ್ವನಿಮುದ್ರಣ ಕಂಪನಿಯವರಲ್ಲ, ನಿನ್ನ ನನ್ನಂಥ ಅಭಿಮಾನಿಗಳೇ.

ಆ ಅಭಿಮಾನಿಗಳು ‘ಲುಲು’ವನ್ನು ಹೇಗೆ ಬರಮಾಡಿಕೊಂಡರೆಂಬುದು ನಿನಗೆ ಗೊತ್ತೇ ಇದೆ. ಸೆಪ್ಟೆಂಬರಿನಲ್ಲಿ ‘ದಿ ವ್ಯೂ’ ಹಾಡು ಮೊದಲು ಬಂತು. ಅದರಲ್ಲಿ ಹೆಟ್‌ಫೀಲ್ಡ್ ತನ್ನನ್ನು ‘ಟೇಬಲ್’ ಎಂದು ಕರೆದುಕೊಂಡು ಗರ್ಜಿಸುವ ಒಂದು ಸಾಲನ್ನು ಹಿಡಿದುಕೊಂಡು ಜಗತ್ತೆಲ್ಲ ನಕ್ಕಿತು, ಇಂದಿಗೂ ನಗುತ್ತಿದೆ. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ ಒಂದು ಅಂಕ ಕೊಟ್ಟಿತು. ‘ಡೆತ್ ಮ್ಯಾಗ್ನೆಟಿಕ್’ ಅಮೆರಿಕದಲ್ಲಿ ಮೊದಲ ಮೂರೇ ದಿನಗಳಲ್ಲಿ ಸುಮಾರು 4,90,000 ಪ್ರತಿ ಹೋಗಿದ್ದರೆ, ಇದು ಮೊದಲ ವಾರದಲ್ಲಿ ಹೋದದ್ದು ಸುಮಾರು 13,000. ಕೆಲವರು ರೀಡನಿಗೆ ಗುಂಡು ಹೊಡೆಯುವುದಾಗಿ ಬೆದರಿಕೆಯನ್ನೂ ಹಾಕಿದರು. ತನ್ನ ಅಭಿಮಾನಿಗಳೆಲ್ಲ 1975ರಲ್ಲೇ, ಗಿಟಾರಿನ ಬರಿಯ ಗದ್ದಲವನ್ನೇ ಎರಡು ಎಲ್‌ಪಿಗಳಷ್ಟು ತುಂಬಿದ ‘ಮೆಟಲ್ ಮಷಿನ್ ಮ್ಯೂಸಿಕ್’ ಬಂದಾಗಲೇ ಓಡಿಹೋದರು ಎಂಬರ್ಥದ ಮಾತನ್ನು ಹೇಳಿ ಅವನು ಸುಮ್ಮನಾದ. ಅವನಿಗೆ ಇದು ಹಳೆಯ ಅನುಭವ. ಹೊಡೆತ ಬಿದ್ದದ್ದು ಮೆಟಾಲಿಕಾಗೆ.

ಇನ್ನು ಸಂಗೀತದ ಮಾತಿಗೆ ಬರುತ್ತೇನೆ. ‘ಲುಲು’ ಕೇಳಿದವರಲ್ಲಿ ಹೆಚ್ಚಿನವರು ಹೇಳುವ ದೂರು ಒಂದೇ: ರೀಡ್ ಹಾಡುವುದಿಲ್ಲ, ಬರಿದೇ ಮಾತನಾಡುತ್ತಾನೆ, ಅವನ ಮಾತಿಗೂ ಹಿಂದೆ ನಡೆಯುವ ವಾದ್ಯಕ್ಕೂ ಸಂಬಂಧವಿಲ್ಲ. ಗಮಕ ಕೇಳಿ ಬೆಳೆದ ಕನ್ನಡಿಗರಿಗೆ ಈ ದೂರು ಅಷ್ಟು ದೊಡ್ಡದಾಗಿ ಕಾಣಬೇಕಾಗಿಲ್ಲ ಎಂದು ನನಗೆ ಅನಿಸುತ್ತದೆ. ಗಮಕಿಯು ಕುಮಾರವ್ಯಾಸನ ಪದ್ಯವನ್ನು ವಾಚಿಸುವಾಗ ತಾಳಕ್ಕೆ ಕಟ್ಟುಬೀಳುವುದಿಲ್ಲ. ಅರ್ಥ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಸಾಲನ್ನು ಒಡೆಯುತ್ತಾನೆ, ಭಾವ ಎಲ್ಲಿ ಏರುತ್ತದೆಯೋ ಅಲ್ಲಿ ರಾಗವನ್ನು ಏರಿಸುತ್ತಾನೆ, ಮಾತು ಮುಂದೆ ಮುಂದೆ ನಡೆದಂತೆ ಸಂಗೀತ ಅದರ ಹಿಂದೆ ಬರುತ್ತದೆ. ರೀಡನ ದನಿಯಲ್ಲಿ ಗಮಕಿಯ ರಾಗವಿಲ್ಲ, ನಿಜ, ಅದು ಒಣಗಿದ, ಬಿರುಕು ಬಿಟ್ಟ ದನಿ. ಆದರೆ ಯಜಮಾನಿಕೆ ಮಾತಿನದು ಎಂಬ ನಿಯಮ ಎರಡು ಕಡೆಯೂ ಒಂದೇ. ಅದನ್ನು ಒಪ್ಪಿಕೊಂಡು ‘ಪಂಪಿಂಗ್ ಬ್ಲಡ್’ ಕೇಳು. ಅಲ್ಲಿ ಉಲ್ರಿಚ್ ತಾಳ ಹಿಡಿಯುತ್ತಿಲ್ಲ, ರೀಡನ ಬಾಯಿಯನ್ನೇ ನೋಡುತ್ತ ನುಡಿಸುತ್ತಿರುವಂತಿದೆ. ಮಾತು ಉದ್ವೇಗಗೊಂಡಾಗ ಡ್ರಮ್ಸ್ ಭೋರೆಂದು ಮೇಲೇಳುತ್ತದೆ, ಅವನು ತಡೆದಾಗ ತಾನೂ ಕುಸಿಯುತ್ತದೆ, ಮತ್ತೆ ಏನೋ ನೆನಪಾದಂತೆ ನುಗ್ಗುತ್ತದೆ. ಇಷ್ಟು ಕಿವಿಗೊಟ್ಟು ಉಲ್ರಿಚ್ ನುಡಿಸಿದ್ದನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಅವನ ಡ್ರಮ್ಮಿಂಗ್ ಬಗ್ಗೆ ಮೂಗು ಮುರಿಯುವ ನಿನಗೆ ಈ ಒಂದು ಹಾಡನ್ನಾದರೂ ಕೇಳಿಸಲೇಬೇಕು.

ಎಲ್ಲ ಹಾಡುಗಳೂ ಹೀಗೆ ಗೆದ್ದಿವೆ ಎಂದು ನಾನು ವಾದಿಸುವುದಿಲ್ಲ. ‘ಮಿಸ್ಟ್ರೆಸ್ ಡ್ರೆಡ್’ನಲ್ಲಿ ಥ್ರ್ಯಾಷ್ ವೇಗದ ರಿಫ್ ಒಂದೇ ಸಮನೆ ಉರುಳುತ್ತಿರುತ್ತದೆ, ಅದರ ಮೇಲೆ ರೀಡನ ದನಿ ದಿಕ್ಕುಗೆಟ್ಟು ತೇಲುತ್ತದೆ, ಎರಡೂ ಒಂದನ್ನೊಂದು ಕೇಳಿಸಿಕೊಳ್ಳುವುದೇ ಇಲ್ಲ. ‘ಚೀಟ್ ಆನ್ ಮಿ’ ಹನ್ನೊಂದು ನಿಮಿಷದ್ದು, ಅದರ ಅರ್ಧಕ್ಕೇ ಹೇಳಬೇಕಾದ್ದು ಮುಗಿದಿರುತ್ತದೆ. ‘ಐಸ್ಡ್ ಹನಿ’ ಚೆನ್ನಾಗಿದೆ, ಆದರೆ ಅದು ರೀಡನ ಹಳೆಯ ರಾಕ್ ಹಾಡುಗಳ ದಾರಿಯಲ್ಲೇ ನಡೆಯುವ ಹಾಡು. ಎರಡನೇ ಡಿಸ್ಕ್‌ನಲ್ಲಿರುವ ನಾಲ್ಕು ಹಾಡುಗಳಲ್ಲಿ ನಿಜವಾದ ಸಾಧನೆ ಇದೆ. ‘ಲಿಟಲ್ ಡಾಗ್’ನಲ್ಲಿ ಮೆಟಾಲಿಕಾ ತನ್ನ ಬಲವನ್ನೆಲ್ಲ ಬದಿಗಿಟ್ಟು ಒಂದು ಅಕೌಸ್ಟಿಕ್ ಗಿಟಾರಿನ ಸುತ್ತ ಎಂಟು ನಿಮಿಷ ತಾಳ್ಮೆಯಿಂದ ಕುಳಿತಿರುತ್ತದೆ. ‘ಡ್ರಾಗನ್’ ಗಿಟಾರುಗಳ ನರಳಾಟದಿಂದ ಶುರುವಾಗಿ, ಇನ್ನು ರಿಫ್ ಬರುವುದೇ ಇಲ್ಲವೆಂದು ನಾವು ಆಸೆ ಬಿಟ್ಟ ಮೇಲೆ ಅದು ಬಂದೆರಗುತ್ತದೆ. ಅಷ್ಟು ಕಾಯಿಸಿದ್ದರಿಂದಲೇ ಆ ರಿಫ್ಫಿನ ಭಾರ ಇಮ್ಮಡಿಯಾಗುತ್ತದೆ.

ಕೊನೆಯದು ‘ಜೂನಿಯರ್ ಡ್ಯಾಡ್’. ಇಪ್ಪತ್ತು ನಿಮಿಷಕ್ಕೆ ಅರ್ಧ ನಿಮಿಷ ಕಡಿಮೆ. ಮುಳುಗುತ್ತಿರುವವನೊಬ್ಬ ತನ್ನ ಕೈಯೊಂದೇ ಅಲೆಯ ಮೇಲೆ ಕಾಣುತ್ತಿರುವಾಗ, ನೀನು ಬಂದು ನನ್ನನ್ನು ಮೇಲೆಳೆಯುವೆಯಾ ಎಂದು ಕೇಳುವಲ್ಲಿ ಅದು ಶುರುವಾಗುತ್ತದೆ. ಕೇಳುತ್ತಿರುವುದು ತಂದೆಯನ್ನು ಎಂಬುದು ನಿಧಾನವಾಗಿ ತಿಳಿಯುತ್ತದೆ, ಆ ತಂದೆ ಬರಲಿಲ್ಲ ಎಂಬುದು ಇನ್ನೂ ನಿಧಾನವಾಗಿ ತಿಳಿಯುತ್ತದೆ. ಈ ಹಾಡನ್ನು ಸ್ಟುಡಿಯೊದಲ್ಲಿ ಕೇಳುತ್ತಿದ್ದಾಗ ಬ್ಯಾಂಡಿನ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಎದ್ದು ಅಡುಗೆಮನೆಗೆ ಓಡಿಹೋಗಿ ಬಿಕ್ಕಿ ಬಿಕ್ಕಿ ಅತ್ತ. ಅವನ ತಂದೆ ತೀರಿಕೊಂಡು ಆಗ ಕೆಲವೇ ವಾರಗಳಾಗಿದ್ದವು. ಸ್ವಲ್ಪ ಹೊತ್ತಿಗೆ ಹೆಟ್‌ಫೀಲ್ಡ್ ಕೂಡ ಅದೇ ಸ್ಥಿತಿಯಲ್ಲಿ ಅಲ್ಲಿಗೆ ಬಂದ. ಅವನ ತಂದೆ ಮನೆ ಬಿಟ್ಟು ಹೋದಾಗ ಅವನಿಗಿನ್ನೂ ಹದಿಮೂರು ವರ್ಷ. ಇದನ್ನೆಲ್ಲ ಹ್ಯಾಮೆಟ್ಟೇ ಸಂದರ್ಶನದಲ್ಲಿ ಹೇಳಿದ್ದಾನೆ; ಹಿಂದೆಯೇ ಬಂದ ರೀಡ್ ಇಬ್ಬರನ್ನೂ ನೋಡಿ ನಗುತ್ತ, ಚೆನ್ನಾಗಿದೆ ಅಲ್ಲವೇ ಎಂದನಂತೆ.

ಹಾಡನ್ನು ಕೇಳುವಾಗ ಅವರು ನುಡಿಸುವ ರೀತಿಯನ್ನು ಗಮನಿಸು. ಎರಡು ಮೂರು ಸ್ವರಗಳ ಒಂದು ಸರಳ ನಡೆ, ಅಷ್ಟೇ. ಉಲ್ರಿಚ್ ಅಲಂಕಾರಕ್ಕೆ ಹೋಗುವುದಿಲ್ಲ, ಹ್ಯಾಮೆಟ್ ಸೋಲೊ ನುಡಿಸುವುದಿಲ್ಲ, ಹೆಟ್‌ಫೀಲ್ಡ್ ಗರ್ಜಿಸುವುದಿಲ್ಲ. ಆಗಾಗ ಗಿಟಾರುಗಳು ಒಟ್ಟಿಗೆ ಮೇಲೆದ್ದು ರೀಡನ ಮಾತಿಗೆ ಹೆಗಲು ಕೊಟ್ಟು ಮತ್ತೆ ಇಳಿಯುತ್ತವೆ. ಮುದಿತನ ತಂದೆಯನ್ನೇ ಕುಗ್ಗಿಸಿ ಕಿರಿಯನನ್ನಾಗಿ ಮಾಡಿಬಿಟ್ಟಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆಮೇಲೆ ಗಿಟಾರುಗಳೂ ಡ್ರಮ್ಸೂ ಒಂದೊಂದಾಗಿ ಹಿಂದೆ ಸರಿದು, ತಂತಿವಾದ್ಯಗಳ ಶ್ರುತಿಯೊಂದೇ ಉಳಿದು, ನಿಮಿಷಗಟ್ಟಲೆ ಬೇರೇನೂ ಇಲ್ಲದೆ ಸಾಗುತ್ತದೆ. ಜಗತ್ತಿನ ಅತ್ಯಂತ ದೊಡ್ಡ ಮೆಟಲ್ ಬ್ಯಾಂಡು ತನ್ನ ಆಲ್ಬಮ್ಮಿನ ಕೊನೆಯ ಭಾಗವನ್ನು, ತಾನು ಯಾವುದಕ್ಕೆ ಹೆಸರಾಗಿದೆಯೋ ಅದರ ಒಂದು ಚೂರೂ ಇಲ್ಲದ ಧ್ವನಿಗೆ ಬಿಟ್ಟುಕೊಟ್ಟಿದೆ.

ಪ್ರಯೋಗ ಎಂಬುದರಲ್ಲಿಯೂ ಎರಡು ಬಗೆಯಿದೆ. ಅದೇ 2011ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಮೆಟಲ್ ಬ್ಯಾಂಡ್ ಒಪೆತ್ ‘ಹೆರಿಟೇಜ್’ ತಂದಿತು. ಗಂಟಲಿನ ಆರ್ಭಟವನ್ನು ಪೂರ್ತಿ ಬಿಟ್ಟು 1970ರ ದಶಕದ ಪ್ರೊಗ್ರೆಸಿವ್ ರಾಕ್‌ಗೆ ಹೊರಳಿದ ಆ ಆಲ್ಬಮ್ಮೂ ಅಭಿಮಾನಿಗಳನ್ನು ಒಡೆಯಿತು. ಅದು ನನಗೆ ಪ್ರಿಯವಾದದ್ದೇ, ಆದರೆ ಅಲ್ಲಿ ಬ್ಯಾಂಡಿನ ನಾಯಕ ಮಿಕಾಯೆಲ್ ಓಕರ್‌ಫೆಲ್ಟ್‌ಗೆ ತಾನು ಎಲ್ಲಿಗೆ ಹೊರಟಿದ್ದೇನೆಂಬುದು ಸ್ಪಷ್ಟವಾಗಿ ತಿಳಿದಿತ್ತು. ಒಂದು ಪ್ರೀತಿಯ ಜಾಗದಿಂದ ಇನ್ನೊಂದು ಪ್ರೀತಿಯ ಜಾಗಕ್ಕೆ ಅವನು ತಾನೇ ದಾರಿ ಹಾಕಿಕೊಂಡು ಹೋದ. ಮೆಟಾಲಿಕಾ ಹಾಗಲ್ಲ, ಕಣ್ಣು ಕಟ್ಟಿಕೊಂಡು ಇನ್ನೊಬ್ಬನ ಕೈ ಹಿಡಿದು ನಡೆಯಿತು. ಐವತ್ತರ ಹೊಸ್ತಿಲಿನಲ್ಲಿದ್ದು, ಕೋಟಿಗಟ್ಟಲೆ ಕೇಳುಗರಿದ್ದು, ಸಾಬೀತುಪಡಿಸುವುದಕ್ಕೆ ಏನೂ ಉಳಿದಿರದ ನಾಲ್ವರು ಹಾಗೆ ನಡೆಯಲು ಒಪ್ಪಿದ್ದು ನನಗೆ ಇಂದಿಗೂ ಬೆರಗಿನ ಸಂಗತಿಯಾಗಿದೆ.

ರೀಡ್ 2013ರ ಅಕ್ಟೋಬರ್ 27ರಂದು ತೀರಿಕೊಂಡ. ಅವನ ಹೆಂಡತಿ, ಕಲಾವಿದೆ ಲೋರಿ ಆ್ಯಂಡರ್ಸನ್ 2015ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡ ಸಮಾರಂಭದಲ್ಲಿ ಮಾತನಾಡುತ್ತ, ‘ಲುಲು’ವೇ ಲೂವಿನ ಅತಿ ಶ್ರೇಷ್ಠ ಕೃತಿಯೆಂದು ಗಾಯಕ ಡೇವಿಡ್ ಬೋವಿ ತನಗೆ ಹೇಳಿದ್ದನ್ನು ನೆನೆದಳು. 1973ರಲ್ಲಿ ಎಲ್ಲರೂ ಹಳಿದ ರೀಡನ ‘ಬರ್ಲಿನ್’ ಆಲ್ಬಮ್ಮಿಗೆ ತಡವಾಗಿ ಮನ್ನಣೆ ಸಿಕ್ಕಿದಂತೆ ಇದಕ್ಕೂ ಸಿಗುತ್ತದೆ, ಜನಕ್ಕೆ ಸಮಯ ಬೇಕು ಎಂಬುದು ಬೋವಿಯ ಮಾತಾಗಿತ್ತು. ಶ್ರೇಷ್ಠ ಕೃತಿ ಎಂಬಷ್ಟು ದೂರ ನಾನು ಹೋಗಲಾರೆ, ವೆಲ್ವೆಟ್ ಅಂಡರ್‌ಗ್ರೌಂಡ್‌ನ 1967ರ ಮೊದಲ ಆಲ್ಬಮ್ಮನ್ನು ಬದಿಗಿಟ್ಟು ಅದನ್ನು ಹೇಳುವುದು ನನ್ನಿಂದಾಗದು. ಮೆಟಾಲಿಕಾ ಮಾತ್ರ ಆ ದಾರಿಗೆ ಮತ್ತೆ ಹೋಗಲಿಲ್ಲ. 2011ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್‌ನಲ್ಲಿ ತಮ್ಮ ಮೂವತ್ತನೇ ವರ್ಷದ ಕಾರ್ಯಕ್ರಮಕ್ಕೆ ರೀಡನನ್ನು ಕರೆದು ಅವನೊಡನೆ ನುಡಿಸಿದರು, ಮುಂದಿನ ಎರಡು ಆಲ್ಬಮ್‌ಗಳಲ್ಲಿ ತಮ್ಮ ಹಳೆಯ ಹಿಡಿತಕ್ಕೆ ಮರಳಿದರು. ‘ಹಾರ್ಡ್‌ವೈರ್ಡ್’ ನಿನಗೆ ಹಿಡಿಸಿತೆಂದು ಬರೆದಿದ್ದೀಯ, ನನಗೂ ಅದು ಹಿಡಿಸುತ್ತದೆ. ಆದರೆ ‘ಲುಲು’ವನ್ನು ಕೇಳದೆ ಅದನ್ನು ಕೇಳಿದರೆ, ಅವರು ಏನನ್ನು ಮುಟ್ಟಿ ನೋಡಿ ಹಿಂದಿರುಗಿದ್ದಾರೆಂಬುದು ನಿನಗೆ ತಿಳಿಯುವುದಿಲ್ಲ.

ಆದ್ದರಿಂದ ಒಂದು ಬಿನ್ನಹ. ‘ದಿ ವ್ಯೂ’ನಿಂದ ಶುರುಮಾಡಬೇಡ, ಆ ನಗೆಪಾಟಲು ಕಿವಿಯಲ್ಲಿ ಕುಳಿತು ಉಳಿದದ್ದನ್ನೆಲ್ಲ ಕೆಡಿಸುತ್ತದೆ. ಬಸ್ಸಿನಲ್ಲೋ ಮೆಟ್ರೊದಲ್ಲೋ ಕೇಳಬೇಡ. ಒಂದು ಭಾನುವಾರ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು, ಮೊದಲು ಎರಡನೇ ಡಿಸ್ಕ್‌ನ ನಾಲ್ಕು ಹಾಡುಗಳನ್ನು ಮಾತುಗಳನ್ನು ಕಣ್ಣ ಮುಂದಿಟ್ಟುಕೊಂಡು ಕೇಳು. ಅದಾದ ಮೇಲೆ ‘ಪಂಪಿಂಗ್ ಬ್ಲಡ್’, ಉಳಿದದ್ದು ನಿನಗೆ ಬಿಟ್ಟದ್ದು. ಮೊದಲ ಹಾಡಾದ ‘ಬ್ರಾಂಡೆನ್‌ಬರ್ಗ್ ಗೇಟ್’ನಲ್ಲಿ ಹೆಟ್‌ಫೀಲ್ಡ್ ಒಂದೇ ಸಾಲನ್ನು ಮತ್ತೆ ಮತ್ತೆ ಕೂಗುವುದರ ಬಗ್ಗೆ ನನಗಿನ್ನೂ ಒಂದು ನಿರ್ಧಾರಕ್ಕೆ ಬರಲಾಗಿಲ್ಲ. ಅದು ರೀಡನ ಮಾತಿಗೆ ಒತ್ತು ಕೊಡುತ್ತದೆಯೋ ಅಥವಾ ಅದನ್ನು ಮುಚ್ಚಿಹಾಕುತ್ತದೆಯೋ ಎಂದು ನೀನೇ ಕೇಳಿ ಬರೆ. ಈ ವಿಷಯದಲ್ಲಿ ನಿನ್ನ ಕಿವಿಯ ಮೇಲೆ ನನಗೆ ನಂಬಿಕೆಯಿದೆ.

ಇಂತಿ
ನಿನ್ನ ಪ್ರೀತಿಯ ಗೆಳೆಯ